ಹೊರಗೆ ಹೋಗಕ್ಕೆ ಒಂದು ನೆಪ

ದಸರಾ ರಜಕ್ಕೆ ಬಂದಿದ್ದ ಮಕ್ಕಳು ಮೊಮ್ಮಕ್ಕಳೆಲ್ಲ ವಾಪಸ್ ಹೋಗಿ ಮನೆ ಭಣಗುಡ್ತಾ ಇದೆ. ಅಡಿಕೆ ಕೊಯ್ಲು ಶುರುವಾಗಿರೋರಿಗೆ ಉಸಿರಾಡಕ್ಕೂ ಪುರುಸೊತ್ತಿರಲ್ಲ, ಗೊತ್ತು. ರಾತ್ರಿ ಮಲಗೋ ಮುಂಚೆ ಒಂಚೂರು ಓದಿ. ಹೋದ ಸಲ ಹುಣಸೆ ತೊಕ್ಕಿನ ಬಗ್ಗೆ ಬರೆದಿದ್ದೆ. ಈ ಸಲ ಅಡುಗೆಮನೆ ಬಿಟ್ಟು ಹೊರಗೆ ಬಂದಿದೀನಿ.

ಶನಿವಾರ ಭಾನುವಾರ ಬಂತು ಅಂದ್ರೆ ನಮ್ಮ ತರೀಕೆರೆಯಿಂದ ಲಿಂಗದಹಳ್ಳಿ ಕಡೆ ಹೋಗೋ ರಸ್ತೇಲಿ ಕಾರಿನ ಸಾಲು ನೋಡಿದೀರಲ್ಲ. ಎಲ್ಲ ಬೆಂಗಳೂರಿನವು. ಕಲ್ಲತ್ತಿಗಿರಿಗೆ, ಕೆಮ್ಮಣ್ಣುಗುಂಡಿಗೆ, ಹೆಬ್ಬೆ ಫಾಲ್ಸಿಗೆ. ಹಾಲು ತರಕ್ಕೆ ಹೋದಾಗ ಒಬ್ಬ ಹುಡುಗಿ ಕಾರು ನಿಲ್ಸಿ ದಾರಿ ಕೇಳಿದ್ಲು. ಹೇಳಿದೆ. "ಆಂಟಿ, ನೀವು ಲಕ್ಕಿ, ಇಂಥ ಜಾಗದಲ್ಲೇ ಇದೀರ, ವಾರ ವಾರ ಹೋಗಬಹುದು" ಅಂದ್ಲು. ನಾನು ನಕ್ಕು ಸುಮ್ಮನಾದೆ. ಮನೆಗೆ ಬಂದು ಹಾಲು ಕಾಯಕ್ಕಿಟ್ಟು ಲೆಕ್ಕ ಹಾಕಿದೆ. ಮದುವೆ ಆಗಿ ಈ ಊರಿಗೆ ಬಂದು ಮೂವತ್ತು ವರ್ಷದ ಮೇಲಾಯ್ತು. ಕೆಮ್ಮಣ್ಣುಗುಂಡಿಗೆ ಹೋಗಿರದು ನಾಕು ಸಲ. ನಾಕೂ ಸಲ ಯಾರೋ ನೆಂಟರು ಬಂದಿದ್ರು, ಅವ್ರಿಗೆ ತೋರ್ಸಕ್ಕೆ ಅಂತ. ನಾನು ನೋಡಕ್ಕೆ ಅಂತ ಒಂದು ಸಲನೂ ಹೋಗಿಲ್ಲ.

ನೀವೂ ಒಂದು ಸಲ ಲೆಕ್ಕ ಹಾಕಿ ನೋಡಿ. ನಮ್ಮ ಗಂಡಸರು ಹೊರಗೆ ಹೋಗ್ತಾರೆ, ಎಲ್ಲಿಗೆ ಅಂದ್ರೆ "ಇಲ್ಲೇ" ಅಂತಾರೆ. ಆ "ಇಲ್ಲೇ" ಅನ್ನೋದು ಕೆರೆ ಏರಿನೂ ಆಗಬಹುದು, ತೋಟನೂ ಆಗಬಹುದು, ಬೀರೂರು ರೈಲ್ವೇ ಸ್ಟೇಷನ್ನೂ ಆಗಬಹುದು. ಯಾರೂ ಕೇಳಲ್ಲ. ನಾವು "ಇಲ್ಲೇ" ಅಂದ್ರೆ ಆಗಲ್ಲ. ನಮಗೆ ನೆಪ ಬೇಕು. ದೇವರಿಗೆ, ಆಸ್ಪತ್ರೆಗೆ, ಹರಕೆಗೆ, ಬಾಣಂತಿ ನೋಡಕ್ಕೆ, ತೋಟಕ್ಕೆ ಬುತ್ತಿ ಕೊಡಕ್ಕೆ. ಹಿಂದೆ ನೀರಿಗೆ, ಸೌದೆಗೆ, ಬಟ್ಟೆ ಒಗೆಯಕ್ಕೆ ಅಂತ ದಿನಾ ಹೊರಗೆ ಹೋಗ್ತಿದ್ವು. ನಲ್ಲಿ, ಗ್ಯಾಸು, ವಾಷಿಂಗ್ ಮಿಷನ್ ಬಂದ್ವು. ಒಳ್ಳೇದೇ ಆಯ್ತು, ಸೊಂಟ ಉಳೀತು. ಆದ್ರೆ ಹೊರಗೆ ಹೋಗೋ ನೆಪಾನೂ ಜೊತೆಗೇ ಹೋಯ್ತು.

ನಮ್ಮ ಕಡೆ ಜಾಗಕ್ಕೇನೂ ಕಮ್ಮಿ ಇಲ್ಲ ಕಣ್ರೀ. ಅರ್ಧ ದಿನದ ದಾರೀಲಿ ಎಷ್ಟು ಥರದ ಹೊರಗು ಇದೆ ನೋಡಿ. ಬಾಬಾಬುಡನ್‌ಗಿರಿ ಸಾಲು ಒಂದು ಗೋಡೆ ಥರ ನಿಂತಿದೆ. ಗೋಡೆ ಬುಡದಲ್ಲಿ ತರೀಕೆರೆಯ ಅಡಿಕೆ ತೋಟ, ಆ ಕಡೆ ಭದ್ರಾ ಕಾಡು, ಈ ಕಡೆ ಕಡೂರಿನ ತೆಂಗು, ಅಜ್ಜಂಪುರದ ಕಪ್ಪು ಎರೆ ಬಯಲು, ಕಾವಲು. ಅದೇ ಗಿರಿಯಲ್ಲಿ ಹುಟ್ಟಿದ ವೇದಾ ಅನ್ನೋ ಹಳ್ಳದ ನೀರು ಸಖರಾಯಪಟ್ಟಣದ ಅಯ್ಯನಕೆರೆಗೆ, ಆವತಿ ಅನ್ನೋ ಹಳ್ಳದ್ದು ಎಮ್ಮೆದೊಡ್ಡಿ ಹತ್ರ ಮದಗದ ಕೆರೆಗೆ. ಎರಡೂ ಕಡೂರಿನ ಹತ್ರ ಸೇರಿದ್ರೆ ವೇದಾವತಿ. ಅಲ್ಲಿಂದ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ. ಆ ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದಿದ್ದು ಬಿಟ್ರೆ ಮತ್ತೆ ಬಿದ್ದಿದ್ದು 2022ರಲ್ಲಿ. ಆವಾಗ ಕಡೂರಿನ ನಮ್ಮಕ್ಕ ಫೋನ್ ಮಾಡಿ "ನೋಡೇ, ನಮ್ಮೂರ ನೀರು ಅಲ್ಲಿ ಹೋಗಿ ಕೋಡಿ ಬಿತ್ತು" ಅಂತ ತಾನೇ ಕೊಡದಲ್ಲಿ ಹೊತ್ತು ತುಂಬಿಸಿದಂಗೆ ಹೇಳಿದ್ಲು.

ಕೆರೆ ನೋಡಕ್ಕೆ ಜನ ಯಾಕೆ ಹೋಗ್ತಾರೆ ಅಂದ್ರೆ ನಂಗನಿಸೋದು ಇದೇ. ಕೆರೆ ತುಂಬಿದ್ರೆ ಮುಂದಿನ ವರ್ಷದ ಊಟ ಕಣ್ಣಿಗೆ ಕಾಣುತ್ತೆ. ಬೆಂಗಳೂರಿನವರಿಗೆ ಅಯ್ಯನಕೆರೆ ಅಂದ್ರೆ ಹಿಂದೆ ಗುಡ್ಡ ಬರೋ ಹಂಗೆ ಫೋಟೋ. ಅಕ್ಕನ ಮನೆಯವರಿಗೆ ಅಂಗಲ್ಲ. ಕೋಡಿ ಬಿತ್ತಂತೆ ಅಂದ್ರೆ ಸಾಕು, ಬಾಗಿನ ತಗಂಡು ಊರಿಗೂರೇ ಹೋಗುತ್ತೆ. ಅಲ್ಲಿ ಏರಿ ಮೇಲೆ ನಿಂತು ಯಾರೂ ಹೆಚ್ಚು ಮಾತಾಡಲ್ಲ, ನೀರನ್ನೇ ನೋಡ್ತಾರೆ. ಮದಗದ ಕೆರೆ ಹಾಡು ನಮ್ಮದು ಅಂತ ನಾವಂತೀವಿ, ಹಾವೇರಿ ಕಡೆ ಮಾಸೂರಿನವರು ಅವರ ಮದಗದ ಕೆರೆದು ಅಂತಾರೆ. ಯಾರದ್ದೇ ಆಗಲಿ, ಕೆರೆ ತುಂಬಿದ ಸಂತೋಷಕ್ಕೆ ಹಾಡು ಕಟ್ಟಿದ ಜನ ಅಂತೂ ಹೌದು.

ನನ್ನ ತವರು ಅಜ್ಜಂಪುರ ದಾಟಿ ಹೊಸದುರ್ಗದ ಕಡೆ. ಬಯಲು ಸೀಮೆ ಹುಡುಗಿ ನಾನು. ತರೀಕೆರೆಗೆ ಬಂದ ಹೊಸದರಲ್ಲಿ ಈ ಅಡಿಕೆ ತೋಟದೊಳಗೆ ನಂಗೆ ಉಸಿರು ಕಟ್ಟಿದಂಗೆ ಆಗ್ತಿತ್ತು. ಆಕಾಶನೇ ಕಾಣ್ತಿರಲಿಲ್ಲ. ನಮ್ಮತ್ತೆ "ಏನೇ, ನೆರಳಲ್ಲಿ ಕೂತ್ಕಂಡು ಬಿಸಿಲು ಬೇಕು ಅಂತೀಯ" ಅಂತ ಬೈಯೋರು. ನಾನು ಬೆಳೆದಿದ್ದು ಕಾವಲಿನ ಪಕ್ಕ. ಕಾವಲು ಅಂದ್ರೆ ಗೊತ್ತಲ್ಲ, ಅಮೃತ್ ಮಹಲ್ ದನಗಳಿಗೆ ಅಂತ ಮೀಸಲಿಟ್ಟ ಹುಲ್ಲುಗಾವಲು. ಮೈಸೂರು ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತ ಇದ್ದಿದ್ದು, ಟಿಪ್ಪು ಕಾಲದಲ್ಲಿ ಅಮೃತ್ ಮಹಲ್ ಅಂತ ಹೆಸರಾಯ್ತು. ದಂಡಿನ ಗಾಡಿ ಎಳೆಯಕ್ಕೆ ಈ ಎತ್ತುಗಳೇ ಬೇಕಿತ್ತಂತೆ. ಅಜ್ಜಂಪುರದಲ್ಲಿ ಆ ತಳಿ ಕೇಂದ್ರ ಇವತ್ತಿಗೂ ಇದೆ, ಹೋರಿಕರುಗಳ ಹರಾಜಿಗೆ ದೂರದೂರದಿಂದ ರೈತರು ಬರ್ತಾರೆ.

ನನ್ನ ಸೊಸೆ ಬೆಂಗಳೂರಿನವಳು. ತವರಿಗೆ ಹೋಗುವಾಗ ಅವಳನ್ನ ಕರ್ಕಂಡು ಹೋದೆ, ಕಾವಲು ತೋರಿಸ್ದೆ. "ಅತ್ತೆ, ಇಲ್ಲಿ ಏನಿದೆ ನೋಡಕ್ಕೆ?" ಅಂದ್ಲು. ಮರ ಇಲ್ಲ, ನೀರಿಲ್ಲ, ಬೆಟ್ಟ ಇಲ್ಲ. ಹುಲ್ಲು, ಆಕಾಶ, ಗಾಳಿ ಅಷ್ಟೆ. ಒಂದರ್ಧ ಗಂಟೆ ನಡೆದ್ವು. ಆಮೇಲೆ ಅವಳೇ ಸುಮ್ಮನಾದ್ಲು. ಒಂದು ಹಕ್ಕಿ ಹುಲ್ಲಿಂದ ನೆಟ್ಟಗೆ ಮೇಲಕ್ಕೆ ಹಾರಿ, ಅಲ್ಲೇ ಗಾಳೀಲಿ ನಿಂತು ಕೂಗಿ ಕೂಗಿ, ಕಲ್ಲು ಬಿದ್ದಂಗೆ ಕೆಳಗೆ ಬಿತ್ತು. ಅವಳು ನಿಂತೇ ಬಿಟ್ಲು. ವಾಪಸ್ ಬರುವಾಗ "ಅತ್ತೆ, ತಲೆ ಹಗುರ ಆಯ್ತು" ಅಂದ್ಲು. ಏನೂ ಇಲ್ಲದೇ ಇರೋದನ್ನ ನೋಡಕ್ಕೂ ಜನ ಹೋಗಬಹುದು ಅಂತ ಅವತ್ತು ನಂಗೆ ಗೊತ್ತಾಯ್ತು. ಕಡೂರಿನ ಹತ್ರ ಬಾಸೂರು ಕಾವಲಲ್ಲಿ ಕೃಷ್ಣಮೃಗ ಇವೆ. 2011ರಲ್ಲಿ ಅದನ್ನ ಸಂರಕ್ಷಿತ ಜಾಗ ಅಂತ ಮಾಡಿದ್ರು. ಬಂಜರು ಬಿದ್ದಿದೆ ಅಂತ ಜನ ಹೇಳೋ ನೆಲದಲ್ಲೂ ಹಂಗೆ ಒಂದು ಸಂಸಾರ ಇರುತ್ತೆ.

ನಮ್ಮ ಹಳಬರು ಹೊರಗೆ ಹೋಗೋದನ್ನ ಹಬ್ಬದೊಳಗೇ ಸೇರಿಸಿಟ್ಟಿದ್ರು ಅನ್ನೋದು ನನ್ನ ಗುಮಾನಿ. ನನ್ನ ತವರಿನ ಕಡೆ, ಚಿತ್ರದುರ್ಗ ದಾವಣಗೆರೆ ಕಡೆ, ಹೊರಬೀಡು ಅಂತ ಮಾಡ್ತಾರೆ. ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತೆ. ಊರಿಗೆ ಊರೇ ಮನೆ ಬೀಗ ಹಾಕಿ, ದನ ಕರು ಕೋಳಿ ಎಲ್ಲ ಹೊಡ್ಕಂಡು ಊರಾಚೆ ಹೋಗದು. ಊರ ಬಾಗಿಲಿಗೆ ಮುಳ್ಳು. ಹೊಲದಲ್ಲೇ ಒಲೆ, ಅಲ್ಲೇ ಊಟ, ಮರದ ಕೆಳಗೇ ನಿದ್ದೆ. ಸಾಯಂಕಾಲ ಪೂಜೆ ಮಾಡಿ ವಾಪಸ್. ಊರಿಗೆ ಕಾಯಿಲೆ ಕಸಾಲೆ ಬರಬಾರದು ಅಂತ. ನಾನು ಚಿಕ್ಕವಳಿದ್ದಾಗ ನಮ್ಮಮ್ಮ ವರ್ಷದಲ್ಲಿ ಬಾಯ್ತುಂಬ ನಗ್ತಿದ್ದಿದ್ದು ಆ ಒಂದು ದಿನ. ಕಸ ಗುಡಿಸಂಗಿಲ್ಲ, ಯಾಕಂದ್ರೆ ಮನೆನೇ ಇಲ್ಲ.

ಇನ್ನು ತರೀಕೆರೆ ಕಡೆ ಭೂಮಿ ಹುಣ್ಣಿಮೆ ಇದೆ, ಚರಗ ಚೆಲ್ಲದು. ಕಾರ್ತಿಕದಲ್ಲಿ ನೆಲ್ಲಿ ಮರದ ಕೆಳಗೆ ವನಭೋಜನ. ದೀಪಾವಳೀಲಿ ಮಲ್ಲೇನಹಳ್ಳಿ ಹತ್ರದ ದೇವಿರಮ್ಮನ ಬೆಟ್ಟ. ವರ್ಷಕ್ಕೊಂದು ಸಲ ನರಕ ಚತುರ್ದಶಿಗೆ ಹತ್ತದು. ನಡುರಾತ್ರಿಗೇ ಶುರು ಮಾಡ್ತಾರೆ, ಬರಿಗಾಲಲ್ಲಿ, ದೀಪಕ್ಕೆ ಸೌದೆ ತುಪ್ಪ ಹೊತ್ಕಂಡು. ನಮ್ಮ ಬೀದಿಯ ಒಬ್ಬರು ಹನ್ನೊಂದು ಸಲ ಹತ್ತಿದಾರೆ. ಮಂಡಿ ನೋವು, ಸಕ್ಕರೆ ಕಾಯಿಲೆ ಎಲ್ಲ ಇದೆ. "ಅಷ್ಟು ಕಷ್ಟ ಪಟ್ಕಂಡು ಯಾಕ್ರೀ?" ಅಂದ್ರೆ "ಹರಕೆ" ಅಂದ್ರು. ಹರಕೆ ಯಾವತ್ತೋ ತೀರಿದೆ, ಮಗಳ ಮಗಳು ಶಾಲೆಗೆ ಹೋಗ್ತಾಳೆ. ಇನ್ನೊಂದು ದಿನ ನಾವಿಬ್ರೇ ಹಪ್ಪಳ ಒತ್ತುವಾಗ ನಿಜ ಹೇಳಿದ್ರು. "ಮೇಲೆ ಹೋದಾಗ ಬೆಳಕು ಹರಿಯುತ್ತಲ್ಲ, ಆವಾಗ ಒಂದು ಗಾಳಿ ಬರುತ್ತೆ ಕಣಮ್ಮ. ಆ ಗಾಳಿಗೆ ಹೋಗ್ತೀನಿ. ಹಂಗಂದ್ರೆ ಮನೇಲಿ ಕಳಿಸಲ್ಲ."

ನನ್ನ ಮಗಳು ಹೇಳ್ತಿದ್ಲು, ಜಪಾನಿನವರು ಇದಕ್ಕೆ ಕಾಡಿನ ಸ್ನಾನ ಅಂತ ಹೆಸರಿಟ್ಟಿದಾರಂತೆ. 1982ರಲ್ಲಿ ಅಲ್ಲಿನ ಅರಣ್ಯ ಇಲಾಖೆನೇ ಶುರು ಮಾಡಿದ್ದಂತೆ, ಶಿನ್ರಿನ್ ಯೋಕು ಅಂತ. ಸೋಪಿಲ್ಲ ನೀರಿಲ್ಲ, ಸುಮ್ಮನೆ ಕಾಡಲ್ಲಿ ನಿಧಾನ ನಡೆಯದು, ಉಸಿರಾಡದು. ನಾನು ದೇವಿರಮ್ಮನ ಹೆಸರಲ್ಲಿ ನಾವು ಅದನ್ನೇ ಮಾಡದು ಅಂದೆ. ಅವಳು "ಅಮ್ಮ, ನಿಮ್ಮದ್ರಲ್ಲಿ ದೇವರು ಇದೆ, ಅವ್ರದ್ರಲ್ಲಿ ಡಾಕ್ಟರು ಇದಾರೆ, ಅಷ್ಟೆ" ಅಂದ್ಲು. ಅದೂ ನೆಪನೇ ಅಲ್ವಾ? ಅವರಿಗೂ ಬೇಕಾಯ್ತು ನೋಡಿ ಒಂದು ನೆಪ.

ಈಗ ನಮ್ಮತ್ತೆ ವಿಷಯ ಹೇಳ್ತೀನಿ. ಇದನ್ನ ಬರೀಬೇಕು ಅಂತಲೇ ಇಷ್ಟೆಲ್ಲ ಬರೆದಿದ್ದು.

ನಮ್ಮತ್ತೆಗೆ ಎಂಬತ್ತೈದು ದಾಟಿದೆ. ಅವರು ಹುಟ್ಟಿದ ಊರು ಇವತ್ತು ಇಲ್ಲ. ಭದ್ರಾ ಡ್ಯಾಮಿನ ನೀರಲ್ಲಿದೆ. ಲಕ್ಕವಳ್ಳಿ ಡ್ಯಾಮಿನ ಕೆಲಸ 1947ರಲ್ಲಿ ಶುರುವಾಗಿ ಮುಗಿಯೋ ಹೊತ್ತಿಗೆ ಅರವತ್ತರ ದಶಕ ಬಂತು. ಅವರು ಹದಿನೆಂಟಕ್ಕೆ ಮದುವೆ ಆಗಿ ಇಲ್ಲಿಗೆ ಬಂದ್ರು, ಅದಾಗಿ ಸ್ವಲ್ಪ ವರ್ಷಕ್ಕೆ ತವರಿನವರು ಗಂಟು ಮೂಟೆ ಕಟ್ಟಿದ್ರು. ಅವರು ಹೋಗಿ ನೋಡೋ ಹೊತ್ತಿಗೆ ನೀರು ಬಂದಿತ್ತು. ತವರಿನ ಬಾಗಿಲಿಗೆ ಒಂದು ಸಲ ಕೈ ಮುಗಿಯಕ್ಕೂ ಆಗಲಿಲ್ಲ ಅಂತ ಹೇಳ್ತಿದ್ರು. ಆ ಡ್ಯಾಮಿನ ನೀರಿಂದ ಭದ್ರಾವತಿ, ದಾವಣಗೆರೆ, ಹರಿಹರದವರೆಗೂ ಗದ್ದೆ ತೋಟ ಆಯ್ತು. ನಮ್ಮ ಮನೆಗೆ ಬರೋ ಅಕ್ಕೀನೂ ಅದೇ ನೀರಿಂದ್ದು. ಅವರು ಅದನ್ನ ಬೈಯ್ಯೋರಲ್ಲ. ಆದ್ರೆ ದಿನಾ ಬೆಳಿಗ್ಗೆ ಪೇಪರ್ ಬಂದ ಕೂಡ್ಲೆ ಕೇಳೋ ಮೊದಲ ಪ್ರಶ್ನೆ, "ಡ್ಯಾಮು ಎಷ್ಟಿದೆ?" 186 ಅಡಿ ಅಂದ್ರೆ ಪೂರ್ತಿ ತುಂಬಿದ್ದು, ನಿಮಗೆಲ್ಲ ಗೊತ್ತು. ಊರಿನವರೆಲ್ಲ 186 ಆಗಲಿ ಅಂತ ಕಾಯ್ತಾರೆ. ನಮ್ಮತ್ತೆ ಇಳಿಯಲಿ ಅಂತ ಕಾಯ್ತಾರೆ. ಬಾಯಿ ಬಿಟ್ಟು ಹೇಳಲ್ಲ. ಬೇಸಿಗೇಲಿ ನೂರ ನಲವತ್ತು, ನೂರ ಮೂವತ್ತು ಅಂತ ಓದಿದ್ರೆ ಮುಖದಲ್ಲಿ ಏನೋ ಒಂದು ಬರುತ್ತೆ. ಅದನ್ನ ಅರ್ಥ ಮಾಡ್ಕಳಕ್ಕೆ ನಂಗೆ ಹತ್ತು ವರ್ಷ ಬೇಕಾಯ್ತು.

ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರೀತು. ಆಪರೇಷನ್ ಆಯ್ತು, ಆದ್ರೆ ನಡೆಯದು ನಿಂತೋಯ್ತು. ಮೊದಲು ಒಳಗಿನ ಕೋಣೇಲಿ ಮಲಗಿಸಿದ್ವು, ಬೆಚ್ಚಗಿರಲಿ ಅಂತ. ಗೋಡೆ ಕಡೆ ತಿರುಗಿ ಮಲಗೋರು. ಊಟ ಬಿಟ್ರು. ಮಗಳು ಫೋನಲ್ಲಿ "ಅಜ್ಜಿ ಮಂಚನ ಕಿಟಕಿ ಹತ್ರ ಹಾಕಮ್ಮ" ಅಂದ್ಲು. 1984ರಲ್ಲಿ ಅಮೆರಿಕದಲ್ಲಿ ಒಬ್ಬರು ಆಸ್ಪತ್ರೆ ಲೆಕ್ಕ ತೆಗೆದು ಬರೆದಿದಾರಂತೆ. ಪಿತ್ತಕೋಶದ ಆಪರೇಷನ್ ಆದವರಲ್ಲಿ, ಕಿಟಕಿಯಿಂದ ಮರ ಕಾಣ್ತಿದ್ದವರು ಇಟ್ಟಿಗೆ ಗೋಡೆ ಕಾಣ್ತಿದ್ದವರಿಗಿಂತ ಬೇಗ ಮನೆಗೆ ಹೋದ್ರಂತೆ, ನೋವಿನ ಜೋರು ಮಾತ್ರೆನೂ ಕಮ್ಮಿ ಬೇಕಾಯ್ತಂತೆ. ಮಂಚನ ನಡುಮನೆಗೆ ತಂದು ಹಿತ್ತಲ ಕಿಟಕಿ ಪಕ್ಕ ಹಾಕಿದ್ವು. ಅಲ್ಲಿಂದ ಹಲಸಿನ ಮರ ಕಾಣುತ್ತೆ, ಬಾವಿ ಕಟ್ಟೆ ಕಾಣುತ್ತೆ. ನಾಕು ದಿನಕ್ಕೆ "ಆ ಕೊನೇಲಿರೋ ಹಲಸಿನಕಾಯಿ ಕೀಳ್ಸು, ಪಲ್ಯಕ್ಕೆ ಹದವಾಗಿದೆ" ಅಂದ್ರು. ಕಾಲು ಸರಿ ಹೋಗಲಿಲ್ಲ. ಆದ್ರೆ ಮನುಷ್ಯರು ವಾಪಸ್ ಬಂದ್ರು. ಮಾಡ್ಸಿದ್ದು ಎರಡು ರೊಟ್ಟಿ ತಿಂದ್ರು.

ಹೋದ ಏಪ್ರಿಲ್‌ನಲ್ಲಿ ಮಗ ಬಂದಿದ್ದಾಗ ಅವರೇ ಕೇಳಿದ್ರು, "ನನ್ನ ಒಂದು ಸಲ ಡ್ಯಾಮಿನ ಕಡೆ ಕರ್ಕಂಡು ಹೋಗ್ತೀಯೇನೋ?" ನಮ್ಮ ಯಜಮಾನರು "ಈ ಬಿಸಿಲಲ್ಲಿ ಯಾಕಮ್ಮ, ಏನಾದ್ರೂ ಆದ್ರೆ?" ಅಂದ್ರು. ಅತ್ತೆ ಮಾತಾಡಲಿಲ್ಲ. ಕಿಟಕಿ ಕಡೆ ತಿರುಗಿದ್ರು. ನಂಗೆ ತಡೆಯಕ್ಕಾಗಲಿಲ್ಲ. "ಇಲ್ಲೇ ಮಲಗಿದ್ರೆ ಏನೂ ಆಗಲ್ವಾ? ನಾನು ಜೊತೇಲಿ ಬರ್ತೀನಿ, ಬೆಳಿಗ್ಗೆ ಆರಕ್ಕೆ ಹೊರಡಣ" ಅಂದೆ. ಮನೇಲಿ ನಾನು ಹಂಗೆ ಮಾತಾಡದು ಅಪರೂಪ. ಯಾರೂ ಎದುರಾಡಲಿಲ್ಲ.

ಮುಂದಿನ ಸೀಟು ಒರಗಿಸಿ, ಎರಡು ದಿಂಬು ಇಟ್ಟು, ಅವರನ್ನ ಕೂರಿಸಿದ್ವು. ಲಕ್ಕವಳ್ಳಿ ಕಡೆ ಹಿನ್ನೀರು ಕಾಣೋ ಒಂದು ಜಾಗದಲ್ಲಿ ಕಾರು ನಿಲ್ಸಿದ್ವು. ನೀರು ಇಳಿದಿತ್ತು. ನಡುವೆ ಸಣ್ಣ ಸಣ್ಣ ದ್ವೀಪ ಎದ್ದಿದ್ವು. ಬೇಸಿಗೇಲಿ ಆ ದ್ವೀಪಗಳ ಮೇಲೆ ರಿವರ್ ಟರ್ನ್ ಅನ್ನೋ ಹಕ್ಕಿಗಳು ಸಾವಿರಾರು ಬಂದು ಬರೀ ನೆಲದ ಮೇಲೇ ಮೊಟ್ಟೆ ಇಡ್ತಾವೆ. ಬಿಳಿ ಬೂದು ಬಣ್ಣ, ಹಳದಿ ಕೊಕ್ಕು. ಅದರ ಫೋಟೋ ತೆಗೆಯಕ್ಕೆ ಅಂತ ಉದ್ದುದ್ದ ಕ್ಯಾಮೆರಾ ಹಿಡ್ಕಂಡು ಬೇರೆ ದೇಶದವರೂ ಬರ್ತಾರೆ. ನನ್ನ ಮಗ ಅಜ್ಜಿಗೆ "ಅಜ್ಜಿ, ಆ ದ್ವೀಪ ನೋಡು, ಎಷ್ಟು ಹಕ್ಕಿ" ಅಂದ. ಅತ್ತೆ ಕೈ ಅಡ್ಡ ಇಟ್ಕಂಡು ಬಹಳ ಹೊತ್ತು ನೋಡಿದ್ರು. ಆಮೇಲೆ ಅಂದ್ರು, "ಅದು ದ್ವೀಪ ಅಲ್ಲ ಕಣೋ. ಅದು ಗುಡ್ಡ. ಅಲ್ಲಿ ನಾನು ದನ ಕಾಯ್ತಿದ್ದೆ."

ನಿಜವಾಗಲೂ ಅದೇ ಗುಡ್ಡವೋ, ಬೇರೆಯದೋ, ಯಾರು ಹೇಳಕ್ಕಾಗುತ್ತೆ? ನಾವ್ಯಾರೂ ಕೇಳಲಿಲ್ಲ. ಅವರು ಒಂದೊಂದೇ ತೋರ್ಸಿದ್ರು. ಇಲ್ಲಿ ಕಣ, ಅಲ್ಲಿ ಅರಳಿ ಕಟ್ಟೆ, ಅದರ ಹಿಂದೆ ನಮ್ಮನೆ ಗದ್ದೆ. ನಮಗೆ ಕಾಣ್ತಿದ್ದಿದ್ದು ಬರೀ ನೀರು. ಅರ್ಧ ಗಂಟೆ ಆದ್ಮೇಲೆ ಕೈ ಮುಗಿದು "ಸಾಕು, ನಡೀರಿ" ಅಂದ್ರು. ಅಳಲಿಲ್ಲ. ದಾರೀಲಿ ಇಡ್ಲಿ ತಿಂದ್ರು, ಚಟ್ನಿಗೆ ಉಪ್ಪು ಜಾಸ್ತಿ ಅಂದ್ರು. ಆಮೇಲಿಂದ ಪೇಪರ್ ಬಂದ್ರೆ ಡ್ಯಾಮು ಎಷ್ಟಿದೆ ಅಂತ ಈಗಲೂ ಕೇಳ್ತಾರೆ. ಆದ್ರೆ ಈ ಮಳೆಗಾಲದಲ್ಲಿ ಡ್ಯಾಮು ತುಂಬ್ತು ಅಂದಾಗ ಮೊದಲ ಸಲ "ಒಳ್ಳೇದಾಯ್ತು" ಅಂದ್ರು.

ಅವತ್ತಿಂದ ನಾನು ಯೋಚ್ನೆ ಮಾಡ್ತಾ ಇದೀನಿ. ಅದೇ ನೀರಿಗೆ ಒಬ್ಬ ಹಕ್ಕಿ ನೋಡಕ್ಕೆ ಬರ್ತಾನೆ, ಒಬ್ಬ ಬೋಟಿಂಗಿಗೆ ಬರ್ತಾನೆ, ಒಬ್ಬ ಮೀನಿಗೆ ಬರ್ತಾನೆ, ಒಬ್ಬ ಗದ್ದೆಗೆ ನೀರು ಯಾವಾಗ ಬಿಡ್ತಾರೆ ಅಂತ ನೋಡಕ್ಕೆ ಬರ್ತಾನೆ, ನಮ್ಮತ್ತೆ ತವರಿಗೆ ಬರ್ತಾರೆ. ಭದ್ರಾ ಕಾಡಂತೂ ಇನ್ನೂ ಹೊಸ ಕತೆ. ಹುಲಿ ಯೋಜನೆ ಆದ್ಮೇಲೆ, 2002ರ ಸುಮಾರಿಗೆ, ಕಾಡೊಳಗಿನ ಹಳ್ಳಿಗಳಿಂದ ನಾನೂರಕ್ಕೂ ಹೆಚ್ಚು ಸಂಸಾರ ಹೊರಗೆ ಬಂದ್ವು. ನಮ್ಮ ತಾಲ್ಲೂಕಿನ ಎಂ.ಸಿ. ಹಳ್ಳಿಗೆ ಬಂದವರು ಬಹಳ ಜನ. ರಸ್ತೆ, ಶಾಲೆ, ನೀರಾವರಿ ಎಲ್ಲ ಸಿಕ್ತು, ಆನೆ ಕಾಟ ತಪ್ತು ಅಂತ ಅವರೇ ಹೇಳ್ತಾರೆ. ಆದ್ರೂ ಸಫಾರಿ ಜೀಪು ಹೋಗದು ನೋಡಿದ್ರೆ ಅವರಿಗೆ ಹೆಂಗನಿಸುತ್ತೋ. ಇನ್ನೊಬ್ಬರ ಹಿತ್ತಲು ನಮಗೆ ಪ್ರವಾಸದ ಜಾಗ. ಹೋದಾಗ ಅದು ನೆನಪಲ್ಲಿರಬೇಕು, ಅಷ್ಟೆ. ಚಿಪ್ಸ್ ಪ್ಯಾಕೆಟ್ ಎಸೆಯೋ ಮುಂಚೆ, ಜೋರಾಗಿ ಹಾಡು ಹಾಕೋ ಮುಂಚೆ.

ಇನ್ನೊಂದು ಮಾತು ಹೇಳಬೇಕು. ನಾಚ್ಕಂಡು ಯಾರೂ ಬರೆಯಲ್ಲ, ನಾನು ಬರೀತೀನಿ. ನಾವು ಹೊರಗೆ ಹೋಗಕ್ಕೆ ಹಿಂಜರಿಯೋದರಲ್ಲಿ ಅರ್ಧ ಕಾರಣ ಶೌಚಾಲಯ. ಹೋಗೋ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯದು ಬಿಡ್ತೀವಿ. ಬಿಸಿಲಲ್ಲಿ ತಿರುಗಿ, ತಲೆನೋವು, ಉರಿಮೂತ್ರ ತಗಂಡು ಬಂದು, ಇನ್ನೊಂದು ಸಲ ಕರೆದ್ರೆ "ನಂಗೆ ಆಗಲ್ಲಪ್ಪ, ನೀವು ಹೋಗ್ಬನ್ನಿ" ಅಂತೀವಿ. ಮನೆಯವರು ಇವಳಿಗೆ ಆಸಕ್ತಿ ಇಲ್ಲ ಅಂದ್ಕತಾರೆ. ಆಸಕ್ತಿ ಇದೆ. ಜಾಗ ಇಲ್ಲ. ಇದನ್ನ ನಿಮ್ಮ ಮನೆಯ ಗಂಡಸರಿಗೆ ಓದಿ ಹೇಳಿ. ಹೊರಡೋ ಮುಂಚೆ ಎಲ್ಲಿ ನಿಲ್ಸದು ಅಂತ ಅವರೇ ವಿಚಾರಿಸಲಿ. ನೀರು ಮಾತ್ರ ಬಿಡಬೇಡಿ.

ಮೊಣಕಾಲು ನೋವು ಇರೋರು ಜಲಪಾತದ ಕಲ್ಲಿಗೆ ಹೋಗಬೇಡಿ, ಪಾಚಿ ಕಟ್ಟಿರುತ್ತೆ. ಕಲ್ಲತ್ತಿಗಿರಿಲಿ ವೀರಭದ್ರೇಶ್ವರನ ಗುಡಿ ಹತ್ರ ನಿಂತ್ರೂ ನೀರಿನ ಹನಿ ಮುಖಕ್ಕೆ ಬರುತ್ತೆ, ಅಷ್ಟು ಸಾಕು. ಬೆಟ್ಟ ಹತ್ತಕ್ಕಾಗದವರಿಗೆ ಅಮೃತಾಪುರ ಇದೆ. 1196ರಲ್ಲಿ ಕಟ್ಟಿದ ಗುಡಿ, ವೀರಬಲ್ಲಾಳನ ಕಾಲದ್ದು. ಸುತ್ತ ಹಸಿರು, ನೆಲ ಸಮ, ಮಂಟಪದಲ್ಲಿ ತಣ್ಣಗಿನ ಕಲ್ಲಿನ ಮೇಲೆ ಎಷ್ಟು ಹೊತ್ತು ಬೇಕಾದ್ರೂ ಕೂರಬಹುದು. ಗೋಡೆ ಮೇಲೆ ರಾಮಾಯಣ, ಮಹಾಭಾರತ ಕೆತ್ತಿದಾರೆ, ನೋಡ್ತಾ ಹೋದ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ.

ಕಾರ್ತಿಕ ಬರ್ತಾ ಇದೆ. ನಮ್ಮ ಬೀದಿಯವರು ಏಳೆಂಟು ಜನ ಸೇರಿ ಒಂದು ಸೋಮವಾರ ವನಭೋಜನಕ್ಕೆ ಹೊರಡಣ ಅಂತ ಮಾತಾಡಿದೀವಿ. ನಮ್ಮ ತೋಟದ ತುದೀಲಿ ನೆಲ್ಲಿ ಮರ ಇದೆ. ಅಜ್ಜಂಪುರದವರು ರೊಟ್ಟಿ ಶೇಂಗಾ ಚಟ್ನಿ ತನ್ನಿ, ಕಡೂರಿನವರು ಕಾಯಿ ಹೋಳಿಗೆ, ನಾನು ಮೊಸರನ್ನ, ಎಣ್ಣೆಗಾಯಿ ಮಾಡ್ತೀನಿ. ಅತ್ತೆನ ಕುರ್ಚೀಲಿ ಎತ್ಕಂಡು ಬರಕ್ಕೆ ಇಬ್ಬರು ಹುಡುಗರಿಗೆ ಹೇಳಿದೀನಿ. ಅವರು ಈಗಲೇ ಯಾವ ಸೀರೆ ಅಂತ ತೆಗೆದಿಟ್ಟಿದಾರೆ. ಮನೇಲಿ ಕೇಳಿದ್ರೆ ಸಲೀಸಾಗಿ ಪೂಜೆ ಅಂತ ಹೇಳಬಹುದು. ನಾನು ಮಾತ್ರ ಈ ಸಲ "ಸುಮ್ಮನೆ ಕೂತ್ಕಂಡು ಬರಕ್ಕೆ" ಅಂತಲೇ ಹೇಳಿದೀನಿ. ಯಜಮಾನರು ಕನ್ನಡಕ ತೆಗೆದು ಒಂದು ಸಲ ನೋಡಿದ್ರು, ಆಮೇಲೆ "ನಂಗೂ ಒಂದು ಎಲೆ ಹಾಕ್ತೀರ?" ಅಂದ್ರು.

ಬರೋರು ಮೊದಲೇ ತಿಳಿಸಿ, ಅಕ್ಕಿ ಲೆಕ್ಕ ಹಾಕಬೇಕು.